‘ನೋ ರೆಕಾರ್ಡ್’ ಅಂತ ಬಂದ ಆ ಗುರುವಾರ

2023ರ ಜುಲೈ 13, ಗುರುವಾರ. ಬೆಳಗ್ಗೆ ಇನ್ನೂ ಒಂಬತ್ತು ಆಗಿರಲಿಲ್ಲ, ಫೋನ್ ಬಂತು. "ಅಕ್ಕಾ, ನಮ್ಮ ಟ್ಯಾಕ್ಸ್ ರಿಟರ್ನ್ ನೀವು ಫೈಲ್ ಮಾಡಿದ್ರಿ ಅಲ್ವಾ?"

ಕೇಳಿದ ಧಾಟಿಯಲ್ಲೇ ಗೊತ್ತಾಯಿತು, ಏನೋ ಎಡವಟ್ಟಾಗಿದೆ ಅಂತ. ನಾನು ನ್ಯೂಜೆರ್ಸಿಯಲ್ಲಿ ಟ್ಯಾಕ್ಸ್ ಕೆಲಸ ಮಾಡುವವಳು. ಈ ಗಂಡ ಹೆಂಡತಿ ನನಗೆ ಕನ್ನಡ ಸಂಘದಲ್ಲಿ ಪರಿಚಯ ಆದವರು, ನಾಲ್ಕು ವರ್ಷದಿಂದ ಅವರ ರಿಟರ್ನ್ ನಾನೇ ಮಾಡುತ್ತಿದ್ದೆ. ಮೊದಲ ಮನೆ ಕೊಳ್ಳುತ್ತಿದ್ದರು. ಮುಂದಿನ ಶುಕ್ರವಾರ, 21ಕ್ಕೆ ಕ್ಲೋಸಿಂಗ್, ಅಂದರೆ ಸಾಲದ ದುಡ್ಡು ಕೊಟ್ಟು ಮನೆ ಅವರ ಹೆಸರಿಗೆ ಆಗುವ ದಿನ. ಹಳೆ ಬಾಡಿಗೆ ಮನೆಗೆ ನೋಟಿಸ್ ಕೊಟ್ಟಾಗಿತ್ತು, ಅರ್ಧ ಸಾಮಾನು ಡಬ್ಬದಲ್ಲಿತ್ತು.

ಸಾಲ ಕೊಡುವವರು 4506-ಸಿ ಫಾರಂಗೆ ಸಹಿ ಹಾಕಿಸಿಕೊಂಡು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ಟ್ರಾನ್ಸ್‌ಕ್ರಿಪ್ಟ್, ಅಂದರೆ ಅವರ ದಾಖಲೆಯಲ್ಲಿರುವ ರಿಟರ್ನ್ ವಿವರ, ತರಿಸುತ್ತಾರೆ. ನಾವು ಕೊಟ್ಟ ರಿಟರ್ನ್ ಪ್ರತಿಯೂ ಐಆರ್‌ಎಸ್ ಹತ್ತಿರ ಇರುವುದೂ ಒಂದೇನಾ ಅಂತ ತಾಳೆ ನೋಡೋಕೆ. 2021ರದ್ದು ಸರಿಯಾಗಿ ಬಂದಿತ್ತು. 2022ರದ್ದಕ್ಕೆ ಮಾತ್ರ ‘ನೋ ರೆಕಾರ್ಡ್ ಆಫ್ ರಿಟರ್ನ್ ಫೈಲ್ಡ್’ ಅಂತ ಬಂದಿತ್ತು. ಲೋನ್ ಆಫೀಸರ್ ನೇರವಾಗಿ ಕೇಳಿದ್ದಾರೆ, ನಿಮ್ಮ ಟ್ಯಾಕ್ಸ್ ಮಾಡಿದವರು ನಿಜವಾಗಿ ಫೈಲ್ ಮಾಡಿದ್ದಾರಾ, ಇಲ್ಲ ಸುಮ್ನೆ ಪ್ರಿಂಟ್ ಕೊಟ್ಟಿದ್ದಾರಾ ಅಂತ.

ಆ ಮಾತು ಎದೆಗೆ ನಾಟಿತು. ಆದರೆ ಅವರ ಪ್ರಶ್ನೆ ತಪ್ಪಲ್ಲ. ನಮ್ಮವರು ಅವರಿಗೆ ಕಳಿಸಿದ್ದು ನಾನು ಕೊಟ್ಟ ಪಿಡಿಎಫ್. ಅದು ಬರೀ ರಿಟರ್ನ್‌ನ ಪ್ರತಿ. ಅದನ್ನು ಯಾರು ಬೇಕಾದರೂ ಪ್ರಿಂಟ್ ಹೊಡೆಯಬಹುದು, ಒಂದು ಸಲವೂ ಕಳಿಸದೆ. ಆಮೇಲೆ ಸಹಿ ಮಾಡಿದ 8879 ಫಾರಂ ಕಳಿಸಿದ್ದಾರೆ. ಅದೂ ಪುರಾವೆ ಅಲ್ಲ. ‘ನನ್ನ ರಿಟರ್ನ್ ಇ-ಫೈಲ್ ಮಾಡಿ’ ಅಂತ ಕಕ್ಷಿದಾರರು ನನಗೆ ಕೊಡುವ ಅನುಮತಿ ಅಷ್ಟೇ, ಅದು ಐಆರ್‌ಎಸ್‌ಗೆ ಹೋಗುವುದೇ ಇಲ್ಲ, ನನ್ನ ಕಡತದಲ್ಲಿ ಮೂರು ವರ್ಷ ಇರುತ್ತದೆ.

"ಹತ್ತು ನಿಮಿಷ ಕೊಡು, ನೋಡಿ ಹೇಳ್ತೀನಿ" ಅಂದು ಫೋನ್ ಇಟ್ಟೆ. ಆ ಹತ್ತು ನಿಮಿಷ ಕೈ ತಣ್ಣಗಾಗಿತ್ತು. ಕಳಿಸಿದ್ದು ನೆನಪಿದೆ, ಸರಿ. ಆದರೆ ಕಳಿಸುವುದು ಬೇರೆ, ಅವರು ಒಪ್ಪಿಕೊಳ್ಳುವುದು ಬೇರೆ. ರಿಜೆಕ್ಟ್ ಆಗಿ ವಾಪಸ್ ಬಂದಿದ್ದನ್ನು ನಾನು ನೋಡದೇ ಬಿಟ್ಟಿದ್ದರೆ? ರಿಜೆಕ್ಟ್ ಆದ ರಿಟರ್ನ್ ಅಂದರೆ ಸಲ್ಲಿಸದೇ ಇರುವ ರಿಟರ್ನ್. ಬಾಕಿ ತೆರಿಗೆ ಇದ್ದರೆ ತಿಂಗಳಿಗೆ ಶೇಕಡಾ 5ರಂತೆ ದಂಡ, ಶೇಕಡಾ 25ರವರೆಗೂ ಏರುತ್ತದೆ. ದಂಡ ಬೀಳುವುದು ಕಕ್ಷಿದಾರರಿಗೆ, ನನಗಲ್ಲ. ಅದೇ ನನಗೆ ಜಾಸ್ತಿ ಹೆದರಿಕೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಹನ್ನೊಂದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಇಂಥದ್ದೇ ಒಂದು ಕೇಸ್ ತೀರ್ಮಾನಿಸಿತು. ಫ್ಲಾರಿಡಾದ ಒಬ್ಬ ವೈದ್ಯರು, ಮೂರು ವರ್ಷದ ರಿಟರ್ನ್, ಅಕೌಂಟೆಂಟ್ ಇ-ಫೈಲ್ ಮಾಡಿದ್ದಾರೆ ಅಂತ ಆ ವೈದ್ಯರು ನಂಬಿದ್ದರು, ಆಗಿರಲೇ ಇಲ್ಲ. ಎಪ್ಪತ್ತು ಸಾವಿರ ಡಾಲರ್‌ಗೂ ಮೇಲೆ ದಂಡ. ರಿಟರ್ನ್ ಸಲ್ಲಿಸುವುದನ್ನು ಬೇರೊಬ್ಬರಿಗೆ ವಹಿಸಿ ನಂಬಿದ್ದೆ ಅನ್ನುವುದು ಕಾರಣ ಆಗಲ್ಲ ಅಂತ 1985ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತ್ತು, ಇ-ಫೈಲ್‌ಗೂ ಅದೇ ಮಾತು ಅಂತ ಈ ನ್ಯಾಯಾಲಯ ಅಂದಿತು. ತೀರ್ಪು ಓದುವಾಗ ನನಗೆ ಆ ಗುರುವಾರದ ಹತ್ತು ನಿಮಿಷವೇ ಕಣ್ಣ ಮುಂದೆ ಬಂತು.

ಸಾಫ್ಟ್‌ವೇರ್ ತೆರೆದೆ. ಇ-ಫೈಲ್ ಪುಟ. ಅವರ ಹೆಸರಿನ ಮುಂದೆ ಹಸಿರು ಬಣ್ಣದಲ್ಲಿ ‘ಆಕ್ಸೆಪ್ಟೆಡ್’. ಉಸಿರು ಬಂತು. ಒಳಗೆ ಹೋಗಿ ಸ್ವೀಕೃತಿ ಪತ್ರ ತೆಗೆದೆ. ಕಳಿಸಿದ ದಿನ, ಒಪ್ಪಿಕೊಂಡ ದಿನ, ಅದರ ಕೆಳಗೆ ಸಬ್ಮಿಷನ್ ಐಡಿ.

ಈ ಸಬ್ಮಿಷನ್ ಐಡಿಯನ್ನು ಜನ ಯಾವುದೋ ಅರ್ಥವಿಲ್ಲದ ಉದ್ದ ನಂಬರ್ ಅಂದುಕೊಳ್ಳುತ್ತಾರೆ. ಹಾಗಲ್ಲ. ಇಪ್ಪತ್ತು ಅಕ್ಷರ ಇರುತ್ತದೆ. ಮೊದಲ ಆರು ಅಂಕಿ ನನ್ನ ಇಫಿನ್, ಅಂದರೆ ಇ-ಫೈಲ್ ಮಾಡೋಕೆ ಐಆರ್‌ಎಸ್ ನನಗೆ ಕೊಟ್ಟ ಗುರುತಿನ ಸಂಖ್ಯೆ. ಆಮೇಲೆ ನಾಲ್ಕು ಅಂಕಿ ವರ್ಷ. ಆಮೇಲೆ ಮೂರು ಅಂಕಿ ಆ ವರ್ಷದ ಎಷ್ಟನೇ ದಿನ ಅನ್ನುವುದು. ಕೊನೆಯ ಏಳು, ಆ ರಿಟರ್ನ್‌ನದ್ದೇ ಗುರುತು. ಇವರದ್ದರ ನಡುವೆ 2023094 ಅಂತ ಇತ್ತು. ಬೆರಳು ಮಡಚಿ ಎಣಿಸಿದೆ. ಜನವರಿ 31, ಫೆಬ್ರವರಿ 28, ಮಾರ್ಚ್ 31, ಒಟ್ಟು 90. ಮೇಲೆ ನಾಲ್ಕು. ಏಪ್ರಿಲ್ 4. ಆ ವರ್ಷ ಕೊನೆಯ ದಿನ ಏಪ್ರಿಲ್ 18. ಎರಡು ವಾರ ಮುಂಚೆಯೇ ಹೋಗಿದೆ.

ಹಾಗಿದ್ದರೆ ‘ನೋ ರೆಕಾರ್ಡ್’ ಯಾಕೆ?

ಇಲ್ಲಿಯೇ ಎಲ್ಲರೂ ಎಡವುವುದು. ಆಕ್ಸೆಪ್ಟೆಡ್ ಅಂದರೆ ಹೆಸರು, ಸೋಷಿಯಲ್ ಸೆಕ್ಯುರಿಟಿ ನಂಬರ್ ತಾಳೆ ಆಯಿತು, ಫಾರಂ ಲೆಕ್ಕಾಚಾರದಲ್ಲಿ ಮೊದಲ ಹಂತದ ತಪ್ಪಿಲ್ಲ, ಒಳಗೆ ತೆಗೆದುಕೊಂಡಿದ್ದೇವೆ ಅಂತ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದ ಹಾಗೆ. ಚೀಟಿ ಕೈಗೆ ಬಂತು ಅಂದರೆ ಡಾಕ್ಟರು ನೋಡಿದರು ಅಂತಲ್ಲ. ರಿಟರ್ನ್ ಪ್ರಾಸೆಸ್ ಆದ ಮೇಲೆಯೇ ಖಾತೆಯ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ 150 ಅನ್ನುವ ಕೋಡ್ ಬೀಳುವುದು. ಅಲ್ಲಿಯವರೆಗೆ ಟ್ರಾನ್ಸ್‌ಕ್ರಿಪ್ಟ್ ತೆಗೆಸುವವರಿಗೆ ಏನೂ ಕಾಣುವುದಿಲ್ಲ. ಏಪ್ರಿಲ್‌ನಲ್ಲಿ ಹೋದದ್ದು ಜುಲೈವರೆಗೂ ಪ್ರಾಸೆಸ್ ಆಗಿಲ್ಲ ಅಂದರೆ ಎಲ್ಲೋ ನಿಂತಿದೆ.

ಇಬ್ಬರಿಂದಲೂ 8821 ಫಾರಂಗೆ ಸಹಿ ಹಾಕಿಸಿದೆ, ಅವರ ತೆರಿಗೆ ವಿವರ ನನಗೆ ಹೇಳಬಹುದು ಅಂತ ಐಆರ್‌ಎಸ್‌ಗೆ ಕೊಡುವ ಅನುಮತಿ ಅದು. ಜಂಟಿ ರಿಟರ್ನ್ ಆದರೂ ಗಂಡನದೊಂದು, ಹೆಂಡತಿಯದೊಂದು ಬೇಕು. ನಮ್ಮಂಥವರಿಗೆ ಅಂತಲೇ ಐಆರ್‌ಎಸ್‌ನಲ್ಲಿ ಒಂದು ಲೈನ್ ಇದೆ. ಅದಕ್ಕೆ ಫೋನ್ ಹಚ್ಚಿ, ಫಾರಂಗಳನ್ನು ಫ್ಯಾಕ್ಸ್ ಮಾಡಿ ಕಾದೆ. ಮಾತಾಡಿದ ಹೆಂಗಸು ತುಂಬಾ ತಾಳ್ಮೆಯವರು. ಸಬ್ಮಿಷನ್ ಐಡಿ ಓದಿ ಹೇಳಿದೆ, ಎರಡೆರಡು ಸಲ. ಅವರು ಟೈಪ್ ಮಾಡುವ ಸದ್ದು ಕೇಳುತ್ತಿತ್ತು. ಆಮೇಲೆ ಅಂದರು, "ರಿಟರ್ನ್ ಏಪ್ರಿಲ್ 4ಕ್ಕೆ ಬಂದಿದೆ. ಗುರುತು ಖಚಿತಪಡಿಸಬೇಕು ಅಂತ ನಿಲ್ಲಿಸಿದ್ದಾರೆ. ಮೇ ತಿಂಗಳಲ್ಲೇ 5071-ಸಿ ಪತ್ರ ಕಳಿಸಿದ್ದೇವೆ."

ಬೇರೆಯವರ ಹೆಸರಲ್ಲಿ ಕಳ್ಳ ರಿಟರ್ನ್ ಹಾಕಿ ರೀಫಂಡ್ ಹೊಡೆಯುವವರು ಇದ್ದಾರೆ, ಅದಕ್ಕೆ ಅನುಮಾನ ಬಂದರೆ ‘ಇದು ನೀವೇ ಹಾಕಿದ್ದಾ?’ ಅಂತ ಈ ಪತ್ರ ಬರುತ್ತದೆ. ಉತ್ತರ ಕೊಡುವವರೆಗೆ ರಿಟರ್ನ್ ಅಲ್ಲೇ ಇರುತ್ತದೆ.

ಗಂಡ ಹೆಂಡತಿಗೆ ಫೋನ್ ಮಾಡಿದೆ. "ಐಆರ್‌ಎಸ್‌ನಿಂದ ಮೇ ತಿಂಗಳಲ್ಲಿ ಏನಾದ್ರೂ ಕಾಗದ ಬಂದಿತ್ತಾ?"

ಆ ಕಡೆ ಸದ್ದಿಲ್ಲ. ಡ್ರಾಯರ್ ಎಳೆದ ಸದ್ದು, ಕಾಗದ ಸರಿಸಿದ ಸದ್ದು. ಆಮೇಲೆ ಗಂಡನ ದನಿ, "ಒಂದು ಬಂದಿತ್ತು ಮೇಡಂ. ಗುರುತು ಕೇಳ್ತಾರೆ, ಮೋಸದ ಕಾಗದ ಇರಬೇಕು ಅಂತ ತೆಗೆದಿಟ್ಟಿದ್ದೆ." ಅವರನ್ನು ಬಯ್ಯೋಕೆ ನನಗೆ ಬಾಯಿ ಬರಲಿಲ್ಲ. ಐಆರ್‌ಎಸ್ ಹೆಸರಲ್ಲಿ ಬರುವ ಮೋಸದ ಫೋನ್ ನಂಬಬೇಡಿ ಅಂತ ಸಂಘದಲ್ಲಿ ಎಲ್ಲರಿಗೂ ಹೇಳಿದವಳು ನಾನೇ. ಆದರೆ ಕಾಗದ ಬಂದರೆ ನನಗೆ ತೋರಿಸಿ ಅನ್ನುವುದನ್ನು ಹೇಳಿರಲಿಲ್ಲ. ರೀಫಂಡ್ ಬಂತಾ ಅಂತ ಮೇ ಕೊನೆಗೆ ಒಂದು ಸಲ ಕೇಳಿದ್ದರೂ ಅವತ್ತೇ ಗೊತ್ತಾಗುತ್ತಿತ್ತು. ಅವರು ಈ ವರ್ಷ ತಡ ಇರಬಹುದು ಅಂತ ಸುಮ್ಮನಿದ್ದರು, ನಾನು ಆಕ್ಸೆಪ್ಟೆಡ್ ನೋಡಿ ಕಡತ ಮುಚ್ಚಿದ್ದೆ.

ಅವತ್ತು ರಾತ್ರಿಯೇ ಅವರು ಆ ಪತ್ರ, ಹಿಂದಿನ ವರ್ಷದ ರಿಟರ್ನ್, ಈ ವರ್ಷದ್ದು ಮೂರನ್ನೂ ಮುಂದಿಟ್ಟುಕೊಂಡು ಆನ್‌ಲೈನ್‌ನಲ್ಲಿ ಗುರುತು ಖಚಿತಪಡಿಸಿದರು. ಆದರೆ ಅದಾದ ಮೇಲೂ ಪ್ರಾಸೆಸ್ ಆಗೋಕೆ ಒಂಬತ್ತು ವಾರದವರೆಗೆ ಹಿಡಿಯಬಹುದು. ಕ್ಲೋಸಿಂಗ್‌ಗೆ ಎಂಟೇ ದಿನ.

ಶುಕ್ರವಾರ ಇಡೀ ಬೆಳಗ್ಗೆ ಕೂತು ಒಂದು ಕಟ್ಟು ಕಾಗದ ಸಿದ್ಧ ಮಾಡಿದೆ. 9325 ಫಾರಂ, ಅದು ಇ-ಫೈಲ್ ಸ್ವೀಕೃತಿಯನ್ನು ಕಕ್ಷಿದಾರರಿಗೆ ತಿಳಿಸೋಕೆ ಅಂತಲೇ ಐಆರ್‌ಎಸ್ ಮಾಡಿರುವ ಫಾರಂ, ಒಪ್ಪಿದ ದಿನ ಮತ್ತು ಸಬ್ಮಿಷನ್ ಐಡಿ ಎರಡೂ ಅದರಲ್ಲಿ ಬರುತ್ತವೆ. ಸಾಫ್ಟ್‌ವೇರ್‌ನ ಸ್ವೀಕೃತಿ ಪುಟ. 5071-ಸಿ ಪತ್ರದ ಪ್ರತಿ. ಇದು ತುಂಬಾ ಮುಖ್ಯ ಅಂತ ನನಗನ್ನಿಸಿತು, ಯಾಕಂದರೆ ರಿಟರ್ನ್ ತಮ್ಮ ಹತ್ತಿರ ಬಂದಿದೆ ಅಂತ ಐಆರ್‌ಎಸ್ ತಾನೇ ಬರೆದಿರುವ ಕಾಗದ ಅದು. ಗುರುತು ಖಚಿತವಾದ ಪುಟದ ಸ್ಕ್ರೀನ್‌ಶಾಟ್. ಮೇಲೊಂದು ಪುಟದ ಪತ್ರ, ನನ್ನ ಸಹಿ ಹಾಕಿ. ಪತ್ರದಲ್ಲಿ ನನಗೆ ಗೊತ್ತಿರುವಷ್ಟೇ ಬರೆದೆ: ಇಂಥ ದಿನ ಕಳಿಸಿದೆ, ಇಂಥ ದಿನ ಒಪ್ಪಿದರು, ಈ ಕಾರಣಕ್ಕೆ ಪ್ರಾಸೆಸ್ ಆಗಿಲ್ಲ. ಅವರ ಆದಾಯ ಸರಿ ಇದೆ ಅಂತ ಖಾತ್ರಿ ಕೊಡಿ ಅಂತ ಲೋನ್ ಆಫೀಸರ್ ಕೇಳಿದರು. ಅದು ನಾನು ಕೊಡುವಂಥದ್ದಲ್ಲ ಅಂತ ಮರ್ಯಾದೆಯಿಂದಲೇ ಹೇಳಿದೆ.

ಸೋಮವಾರ ಸುದ್ದಿ ಇಲ್ಲ. ಮಂಗಳವಾರ 2020ರ ಟ್ರಾನ್ಸ್‌ಕ್ರಿಪ್ಟೂ ಬೇಕು ಅಂದರು, ಕೊಟ್ಟೆವು. ಗುರುವಾರ ಸಂಜೆ ಒಪ್ಪಿಗೆ ಬಂತು, ಆದರೆ 21ಕ್ಕೆ ಆಗಲಿಲ್ಲ. 28ಕ್ಕೆ ಕ್ಲೋಸಿಂಗ್ ಆಯಿತು. ಆ ಒಂದು ವಾರ ಡಬ್ಬಗಳ ನಡುವೆ ನೆಲದ ಮೇಲೆ ಮಲಗಿದರಂತೆ, ಇಬ್ಬರು ಮಕ್ಕಳ ಜೊತೆ.

ಈಗ ರಿಟರ್ನ್ ಒಪ್ಪಿದ ಸಂಜೆಯೇ 9325 ಎಲ್ಲರಿಗೂ ಕಳಿಸುತ್ತೇನೆ. ಆರು ವಾರ ಬಿಟ್ಟು ಟ್ರಾನ್ಸ್‌ಕ್ರಿಪ್ಟ್ ನೋಡಿ ಅಂತ ಕ್ಯಾಲೆಂಡರ್‌ನಲ್ಲಿ ಒಬ್ಬೊಬ್ಬರ ಹೆಸರನ್ನೂ ಹಾಕಿಟ್ಟಿರುತ್ತೇನೆ.

ಸೆಪ್ಟೆಂಬರ್‌ನಲ್ಲಿ ಒಂದು ದಿನ ಅವಳಿಂದ ಫೋಟೊ ಬಂತು. ಟ್ರಾನ್ಸ್‌ಕ್ರಿಪ್ಟ್‌ನ ಪುಟ, 150 ಇರುವ ಸಾಲಿನ ಸುತ್ತ ಪೆನ್ನಿನಲ್ಲಿ ಗುಂಡಗೆ ಗೆರೆ. ಕೆಳಗೆ 846, ಅಂದರೆ ರೀಫಂಡ್ ಹೊರಟಿದೆ. "ಬಂತು ಅಕ್ಕಾ" ಅಂತ ಬರೆದಿದ್ದಳು. ಪ್ರಿಂಟ್ ತೆಗೆದು ಅವರ ಕಡತಕ್ಕೆ ಹಾಕಿದೆ.