ಲೋಟದ ನೀರು

ಭಾನುವಾರ, 14 ಜುಲೈ 2024, ಆಲೂರು

ಬೆಳಗಿನಿಂದ ಒಂದೇ ಸಮ ಮಳೆ. ತೋಟಕ್ಕೆ ಇಳಿಯೋ ಹಾಗಿಲ್ಲ. ಮಗನ ಕಾಟ ತಡೆಯಲಾರದೆ ಲ್ಯಾಪ್‌ಟಾಪ್‌ನಲ್ಲಿ ‘ಜುರಾಸಿಕ್ ಪಾರ್ಕ್’ ಹಾಕಿದೆ. ಸ್ಪೀಲ್‌ಬರ್ಗ್ ನಿರ್ದೇಶಿಸಿದ 1993ರ ಡೈನೋಸಾರ್ ಸಿನಿಮಾ, ಇವನಿಗೆ ಎಲ್ಲಿ ಹಿಡಿಸುತ್ತೆ ಅಂದುಕೊಂಡಿದ್ದೆ. ಅರ್ಧ ಕಚ್ಚಿದ ಚಕ್ಕುಲಿ ಕೈಯಲ್ಲೇ ಉಳಿಯಿತು.

ನಾನಿದನ್ನು ಮೊದಲು ನೋಡಿದ್ದು ಹಾಸನದ ಟಾಕೀಸಿನಲ್ಲಿ, ಅಪ್ಪನ ಜೊತೆ. ಅಪ್ಪ ಪೂರ್ತಿ ನಿದ್ದೆ ಹೊಡೆದಿದ್ದರು. ಆ ಗದ್ದಲದಲ್ಲಿ ಹೇಗೆ ನಿದ್ದೆ ಬಂತೋ!

ಆ ಸೀನ್ ಬಂತು. ರಾತ್ರಿ, ಮಳೆ, ಕೆಟ್ಟು ನಿಂತ ಕಾರು, ಡ್ಯಾಶ್‌ಬೋರ್ಡ್ ಮೇಲೆ ಲೋಟದಲ್ಲಿ ನೀರು. ಡೈನೋಸಾರ್ ಹೆಜ್ಜೆ ಸದ್ದಿಗೆ ನೀರಿನಲ್ಲಿ ಉಂಗುರ ಉಂಗುರವಾಗಿ ಅಲೆ. ಡ್ಯಾಶ್‌ಬೋರ್ಡ್ ಕೆಳಗೆ ಗಿಟಾರ್ ತಂತಿ ಕಟ್ಟಿ, ಅದನ್ನು ಮೀಟಿ ಆ ಅಲೆ ಎಬ್ಬಿಸಿದ್ದು. ಎರಡು ಗಂಟೆ ಮೀರಿದ ಸಿನಿಮಾದಲ್ಲಿ ಡೈನೋಸಾರ್ ಕಣ್ಣಿಗೆ ಬೀಳೋದು ಹೆಚ್ಚುಕಮ್ಮಿ ಕಾಲು ಗಂಟೆ. ಮಿಕ್ಕಿದ್ದೆಲ್ಲ ಬರೀ ಕಾಯೋದು. ಈಗಿನವರು ಮೊದಲ ಐದು ನಿಮಿಷಕ್ಕೇ ಎಲ್ಲ ತೋರಿಸಿಬಿಡುತ್ತಾರೆ. ಇವತ್ತೂ ನನ್ನ ಕಾಲು ತಾನಾಗಿ ಕುರ್ಚಿ ಮೇಲೆ ಬಂತು.

ಟಿ. ರೆಕ್ಸ್, ಅದೇ ಆ ದೈತ್ಯ ಡೈನೋಸಾರ್, ಕೂಗಿತು. ಜಗಲಿಯಲ್ಲಿದ್ದ ಅಪ್ಪ ಟಾರ್ಚ್ ಹಿಡಿದು ಒಳಗೆ ಬಂದರು.

“ಮರಿ ಕೂಗಿದ್ದು ಯಾವ ಕಡೆಯಿಂದಲೋ?”

ಮೈ ಜುಂ ಅಂತು. ಆ ಕೂಗಿನಲ್ಲಿ ನಿಜವಾಗಿಯೂ ಆನೆಮರಿಯ ದನಿ ಇದೆ. ಅದಕ್ಕೆ ಹುಲಿ, ಅಲಿಗೇಟರ್ ದನಿ ಬೆರೆಸಿದ್ದಾರೆ. ನಾನು ಓದಿ ತಿಳಿದುಕೊಂಡಿದ್ದನ್ನು ಅಪ್ಪ ಒಂದೇ ಸಲಕ್ಕೆ ಹಿಡಿದುಬಿಟ್ಟಿದ್ದರು.

ಮಗ ಹಿಂದಕ್ಕೆ ಓಡಿಸಿ ಲೋಟದಿಂದ ಮತ್ತೆ ತೋರಿಸಿದ. ಅಪ್ಪ ನಕ್ಕರು.

“ಇದು ಸುಳ್ಳು ಕಣೋ. ದೊಡ್ಡ ಪ್ರಾಣಿ ಧಡ್ ಧಡ್ ಅಂತ ಬರಲ್ಲ.”

“ಮತ್ತೆ ಹೇಗೆ ಬರುತ್ತೆ ತಾತ?”

“ಆನೆ ಅಂಗಾಲು ದಿಂಬಿದ್ದ ಹಾಗೆ. ಬೈನೆ ಮರ ಲಟಕ್ ಅಂದಾಗಲೇ ಗೊತ್ತಾಗೋದು. ಹೋದ ವರ್ಷ ಕಣದ ಪಕ್ಕ ಹಲಸು ತಿಂದು ಹೋಯ್ತಲ್ಲ, ನಾಯಿ ಕೂಡ ಬೊಗಳಲಿಲ್ಲ. ಬೆಳಿಗ್ಗೆ ಲದ್ದಿ ನೋಡಿದ ಮೇಲೆ ಗೊತ್ತಾಗಿದ್ದು.”

ಮಗ ಲ್ಯಾಪ್‌ಟಾಪ್ ಬಿಟ್ಟು ಅಜ್ಜನ ಪಕ್ಕ ಸರಿದ. ಟಿ. ರೆಕ್ಸ್ ತನ್ನ ಪಾಡಿಗೆ ಕಾರು ಉರುಳಿಸುತ್ತಿತ್ತು. ಸ್ಪೀಲ್‌ಬರ್ಗ್ ಪಾಪ!

ಊಟ ಆಯ್ತು. ಕರೆಂಟು ಹೋಯ್ತು, ಬಂತು.

ಈಗ ಒಂಬತ್ತೂವರೆಗೆ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್. ಹಳ್ಳದ ಆಚೆ ತೋಟದಲ್ಲಿ ಆನೆ ಗುಂಪು ಇದೆ, ಜೊತೆಗೆ ಮರಿ, ಯಾರೂ ಓಡಾಡಬೇಡಿ ಅಂತ. ಅಪ್ಪನಿಗೆ ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ. ಎದ್ದು ಹೋಗಿ ಕೊಟ್ಟಿಗೆ ಲೈಟ್ ಹಾಕಿ ಬಂದರು. ಸಂಜೆ ಅವರು ಕೇಳಿಸಿಕೊಂಡಿದ್ದು ಲ್ಯಾಪ್‌ಟಾಪ್‌ನದ್ದೇ ತಾನೇ?

ನಾಳೆ ಆರೂವರೆ ಬಸ್ಸಿಗೆ ಹೊರಡಬೇಕು. ರಸ್ತೆವರೆಗೆ ತೋಟದೊಳಗೇ ನಡಿಗೆ, ಅದೂ ಈ ಮಳೆಯಲ್ಲಿ, ಇವನನ್ನು ಕಟ್ಟಿಕೊಂಡು. ಡಿಸಿ ಸ್ಕೂಲಿಗೆ ರಜೆ ಕೊಟ್ಟರೆ ಬಚಾವ್. ಇಲ್ಲಾಂದ್ರೆ