ತುಂಡು ಮಾಡುತ್ತ ಹೋದರೆ

ನಮ್ಮ ಫಿಸಿಕ್ಸ್ ಮೇಷ್ಟ್ರು ಲ್ಯಾಬಿನಲ್ಲಿ ಡಿಫ್ಲೆಕ್ಷನ್ ಮ್ಯಾಗ್ನೆಟೋಮೀಟರ್ (ಸೂಜಿ ಎಷ್ಟು ವಾಲುತ್ತದೆ ಅಂತ ನೋಡಿ ಕಾಂತಬಲ ಅಳೆಯುವ ಉಪಕರಣ) ಮುಟ್ಟುವ ಮೊದಲು ಬೀಗದ ಕೈ, ಜಾಮೆಟ್ರಿ ಬಾಕ್ಸು ಎಲ್ಲ ಕಿಟಕಿಯ ಕಟ್ಟೆ ಮೇಲೆ ಇಡಿಸುತ್ತಿದ್ದರು. "ಸುತ್ತ ಏನಿದೆ ಅಂತ ನೋಡ್ಕೊಳ್ರೋ" ಅನ್ನುವುದು ಅವರ ಜಪ. ಒಂದು ಸಲ ಕೇಳಿದರು: "ಆಯಸ್ಕಾಂತ ತುಂಡು ಮಾಡ್ತಾ ಹೋದ್ರೆ ಎಲ್ಲೀವರೆಗೆ ಆಯಸ್ಕಾಂತ?" ಕೊನೇವರೆಗೂ ಸಾರ್, ಅಂದೆವು. "ಕೊನೆ ಅಂದ್ರೆ?" ಯಾರೂ ಬಾಯಿ ಬಿಡಲಿಲ್ಲ.

ಉತ್ತರ ನನಗೆ ಸಿಕ್ಕಿದ್ದು ಪಿಎಚ್.ಡಿ.ಗೆ ಸೇರಿದ ಮೇಲೆ. ತುಂಡು ಚಿಕ್ಕದಾದಷ್ಟೂ ಅದರ ಕಾಂತತ್ವವನ್ನು ಒಂದೇ ದಿಕ್ಕಿಗೆ ಹಿಡಿದಿಡುವ ಶಕ್ತಿ ಕಡಿಮೆ. ಕೋಣೆಯ ಬಿಸಿಯೇ ಅದನ್ನು ತಲೆಕೆಳಗು ಮಾಡಿಬಿಡುತ್ತದೆ. ಗಟ್ಟಿ ಕೋಬಾಲ್ಟಿನಲ್ಲಿ ಒಂದು ಪರಮಾಣುವಿನ ಪಾಲಿಗೆ ಬರುವ ಆ ಶಕ್ತಿ ಬರೀ 0.045 ಮಿಲಿ ಎಲೆಕ್ಟ್ರಾನ್‌ವೋಲ್ಟ್ (ಪರಮಾಣುಗಳ ಲೋಕದಲ್ಲಿ ಶಕ್ತಿ ಅಳೆಯುವ ಚಿಕ್ಕ ಮಾನ). ಕೋಣೆಯ ಉಷ್ಣತೆಯದು ಸುಮಾರು 25.

2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪ್ಲಾಟಿನಂ ಮೇಲೆ ಕೋಬಾಲ್ಟ್ ಪರಮಾಣುಗಳನ್ನು ಒಂದೊಂದಾಗಿ ಉದುರಿಸಿ, ಎಕ್ಸ್-ಕಿರಣದಿಂದ ಅದೇ ಶಕ್ತಿಯನ್ನು ಅಳೆದರು. ಬಂದದ್ದು 9.3 ಮಿಲಿ ಎಲೆಕ್ಟ್ರಾನ್‌ವೋಲ್ಟ್. ಇನ್ನೂರು ಪಟ್ಟು! ಗಟ್ಟಿ ಲೋಹದೊಳಗೆ ಎಲ್ಲ ಕಡೆಯಿಂದಲೂ ಒತ್ತುವ ನೆರೆಯವರು, ದಿಕ್ಕು ಹಿಡಿದಿಡಲು ಬೇಕಾದ ಎಲೆಕ್ಟ್ರಾನಿನ ಕಕ್ಷೆಯ ಸುತ್ತಾಟವನ್ನು ಅದುಮಿಬಿಡುತ್ತಾರೆ. ಮೇಲ್ಮೈಯಲ್ಲಿ ಒಂಟಿಯಾಗಿ ಕೂತ ಪರಮಾಣುವಿಗೆ ಕೆಳಗೆ ಮಾತ್ರ ನೆರೆ, ಅದೂ ಪ್ಲಾಟಿನಂನಂಥ ಭಾರದ ಲೋಹ; ಸ್ಪಿನ್ನಿಗೂ (ಎಲೆಕ್ಟ್ರಾನಿನ ಹುಟ್ಟುಗುಣವಾದ ಕಾಂತತ್ವದ ಮೂಲ) ಕಕ್ಷೆಗೂ ಗಂಟು ಬಿಗಿಯುವುದರಲ್ಲಿ ಅದು ಎತ್ತಿದ ಕೈ. ಇನ್ನೆರಡು ಕೋಬಾಲ್ಟ್ ಪಕ್ಕಕ್ಕೆ ಬಂದು ಕೂತರೆ ಸಾಕು, ಆ ಬೆಲೆ ಕುಸಿಯುತ್ತದೆ.

ನನಗೆ ಇದಕ್ಕಿಂತ ಇಷ್ಟವಾದದ್ದು ಅದರ ಹಿಂದಿನ ವರ್ಷದ್ದು. ಪ್ಲಾಟಿನಂ ಮೇಲ್ಮೈಯ ಮೆಟ್ಟಿಲುಗಳ ಅಂಚಿಗೆ ಕೋಬಾಲ್ಟ್ ಒಂದೇ ಪರಮಾಣುವಿನ ಅಗಲಕ್ಕೆ ಸಾಲುಗಟ್ಟಿ ನಿಂತಿತ್ತು. ಒಂಟಿ ಸಾಲಿನಲ್ಲಿ ಕಾಂತಕ್ರಮ, ಅಂದರೆ ಎಲ್ಲ ಪರಮಾಣುಗಳ ಕಾಂತತ್ವವೂ ಒಂದೇ ದಿಕ್ಕಿಗೆ ನಿಲ್ಲುವುದು, ಉಳಿಯದು ಎಂದು ಜರ್ಮನ್ ಭೌತವಿಜ್ಞಾನಿ ಈಸಿಂಗ್ 1925ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ತಗೊಂಡವರು ನಾವು. ಆದರೂ 15 ಕೆಲ್ವಿನ್‌ಗಿಂತ (ಮೈನಸ್ 258 ಡಿಗ್ರಿ ಸೆಲ್ಸಿಯಸ್) ಕೆಳಗೆ ಆ ಸಾಲುಗಳು ಆಯಸ್ಕಾಂತಗಳೇ. ಈಸಿಂಗ್ ಸುಳ್ಳಾಗಲಿಲ್ಲ. ಅವನ ಲೆಕ್ಕ ಎಷ್ಟು ಹೊತ್ತು ಬೇಕಾದರೂ ಕಾಯುತ್ತದೆ, ಪ್ರಯೋಗ ಕಾಯುವುದಿಲ್ಲ. ಅಷ್ಟು ಚಳಿಯಲ್ಲಿ ಕಾಂತತ್ವ ತಿರುಗುವುದೇ ನಿಧಾನ.

ಒಂದೇ ಪರಮಾಣು ಆಯಸ್ಕಾಂತವಾಗಿ ನಿಂತದ್ದು 2016ರಲ್ಲಿ. ಕೋಬಾಲ್ಟ್ ಅಲ್ಲ, ಹೋಲ್ಮಿಯಂ ಎಂಬ ಇನ್ನೊಂದು ಲೋಹ. ಕೂರಿಸಿದ್ದೂ ನೇರವಾಗಿ ಲೋಹದ ಮೇಲಲ್ಲ: ಬೆಳ್ಳಿಯ ಮೇಲೆ ಮೆಗ್ನೀಸಿಯಂ ಆಕ್ಸೈಡಿನ ತೆಳು ಪದರ ಹಾಸಿ, ಅದರ ಮೇಲೆ. ಲೋಹದ ಎಲೆಕ್ಟ್ರಾನುಗಳು ಬಂದು ತಟ್ಟಿ ತಿರುಗಿಸದ ಹಾಗೆ ಆ ಪದರ ಕಾಯುತ್ತದೆ. ಕಾಂತತ್ವ ಉಳಿದದ್ದು 30 ಕೆಲ್ವಿನ್‌ವರೆಗೆ, ಅಂದರೆ ಮೈನಸ್ 243 ಡಿಗ್ರಿ. ಅಷ್ಟು ತಣ್ಣಗೆ ಮಾಡುವ ಹೀಲಿಯಂನ ಬಿಲ್ಲಿಗೆ ಸಹಿ ಹಾಕುವವರಿಗೆ ಗೊತ್ತು ಆ ಚಳಿಯ ಬೆಲೆ.