ಉರಿಯೂತದ ನಡುವೆ ಬೀಟಾ ಕೋಶದ ವಂಶವಾಹಿಗಳು

ಒಂದನೇ ಬಗೆಯ ಮಧುಮೇಹವನ್ನು ವಿವರಿಸುವಾಗ, ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳ ಮೇಲೆ ತಿರುಗಿಬಿದ್ದು ಅವುಗಳನ್ನು ನಾಶಮಾಡುತ್ತದೆ ಎಂದು ಹೇಳುವುದು ರೂಢಿ. ಈ ಮಾತು ನಿಜವೇ. ಆದರೆ ಬೀಟಾ ಕೋಶವು ಕೈಕಟ್ಟಿ ಕುಳಿತು ಏಟು ತಿನ್ನುತ್ತದೆ ಎಂಬ ಭಾವನೆಯನ್ನೂ ಅದು ಮೂಡಿಸುತ್ತದೆ. ನನ್ನ ತಕರಾರು ಇರುವುದು ಅಲ್ಲಿ. ಉರಿಯೂತದ ಸಂಕೇತ ತಲುಪಿದ ಕೆಲವೇ ಗಂಟೆಗಳಲ್ಲಿ ಆ ಕೋಶವು ತಾನು ಬಳಸುವ ವಂಶವಾಹಿಗಳನ್ನೇ ಬದಲಿಸತೊಡಗುತ್ತದೆ, ಮತ್ತು ರೋಗದ ಮುಂದಿನ ಗತಿಯಲ್ಲಿ ಆ ಬದಲಾವಣೆಗೂ ಪಾಲಿದೆ.

ಇನ್ಸುಲಿನ್ ತಯಾರಿಸುವ ಈ ಬೀಟಾ ಕೋಶಗಳು ಐಲೆಟ್ ಎಂಬ ಪುಟ್ಟ ಗುಂಪುಗಳಲ್ಲಿರುತ್ತವೆ. ಎಲ್ಲ ಐಲೆಟ್‌ಗಳನ್ನು ಒಟ್ಟುಗೂಡಿಸಿದರೂ ಗ್ರಂಥಿಯ ಶೇ 1ರಿಂದ 2ರಷ್ಟು ಮಾತ್ರ. ಅವುಗಳ ಸುತ್ತ ಸೇರುವ ರೋಗನಿರೋಧಕ ಕೋಶಗಳಾದ ಟಿ ಕೋಶಗಳು ಮತ್ತು ಮ್ಯಾಕ್ರೊಫೇಜ್‌ಗಳು ಇಂಟರ್‌ಲ್ಯೂಕಿನ್-1 ಬೀಟಾ, ಇಂಟರ್‌ಫೆರಾನ್ ಗಾಮಾ ಮೊದಲಾದ, ಕೋಶಗಳ ನಡುವೆ ಸಂಕೇತ ಒಯ್ಯುವ ಪ್ರೋಟೀನ್‌ಗಳಾದ ಸೈಟೊಕೈನ್‌ಗಳನ್ನು ಸ್ರವಿಸುತ್ತವೆ. ಇವು ಬೀಟಾ ಕೋಶದ ಹೊರಪೊರೆಯಲ್ಲಿರುವ ಗ್ರಾಹಕಗಳಿಗೆ ಅಂಟಿಕೊಂಡಾಗ, ಮೊದಲನೆಯದು ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನೂ ಎರಡನೆಯದು ಸ್ಟ್ಯಾಟ್-1 ಎಂಬುದನ್ನೂ ಎಚ್ಚರಿಸುತ್ತದೆ. ಇವೆರಡೂ ಕೋಶಕೇಂದ್ರವನ್ನು ಹೊಕ್ಕು ಡಿಎನ್‌ಎಯ ನಿರ್ದಿಷ್ಟ ತಾಣಗಳ ಮೇಲೆ ಕೂರುತ್ತವೆ.

ಇದರ ಫಲವಾಗಿ ಸಿಎಕ್ಸ್‌ಸಿಎಲ್-10ನಂತಹ ಕೀಮೊಕೈನ್‌ಗಳ ವಂಶವಾಹಿಗಳು ಚುರುಕಾಗುತ್ತವೆ, ಅಂದರೆ ಬೀಟಾ ಕೋಶವೇ ಇನ್ನಷ್ಟು ಟಿ ಕೋಶಗಳನ್ನು ತನ್ನತ್ತ ಕರೆಯುತ್ತದೆ. ಎಚ್‌ಎಲ್‌ಎ ಮೊದಲ ವರ್ಗದ ಅಣುಗಳು, ಅಂದರೆ ಕೋಶದೊಳಗಿನ ಪ್ರೋಟೀನ್ ತುಣುಕುಗಳನ್ನು ಟಿ ಕೋಶಗಳಿಗೆ ತೋರಿಸುವ ಅಣುಗಳು, ಹೊರಪೊರೆಯ ಮೇಲೆ ಹೆಚ್ಚಾಗುವುದರಿಂದ, ಬಂದ ಟಿ ಕೋಶಗಳಿಗೆ ಅದನ್ನು ಗುರುತಿಸುವುದೂ ಸುಲಭವಾಗುತ್ತದೆ. ಇದೇ ಹೊತ್ತಿಗೆ ಬೀಟಾ ಕೋಶಕ್ಕೆ ಅದರ ವಿಶಿಷ್ಟ ಗುಣವನ್ನು ಕೊಡುವ ಪಿಡಿಎಕ್ಸ್-1, ಮಾಫ್-ಎ ಮುಂತಾದ ನಿಯಂತ್ರಕ ಪ್ರೋಟೀನ್‌ಗಳ ಮಟ್ಟ ಇಳಿಯುತ್ತದೆ. ಇನ್ಸುಲಿನ್ ವಂಶವಾಹಿಯನ್ನು ಚಾಲನೆಯಲ್ಲಿಡುವುದು ಇವುಗಳೇ ಆದ್ದರಿಂದ, ಕೋಶ ಇನ್ನೂ ಜೀವಂತವಾಗಿದ್ದರೂ ತನ್ನ ಮುಖ್ಯ ಕೆಲಸದಲ್ಲಿ ಹಿಂದೆ ಬೀಳುತ್ತದೆ. ರೋಗ ಪತ್ತೆಯಾಗುವ ವೇಳೆಗೆ ಕಾಣುವ ಇನ್ಸುಲಿನ್ ಕೊರತೆಯನ್ನೆಲ್ಲ ಸತ್ತ ಕೋಶಗಳ ಲೆಕ್ಕಕ್ಕೆ ಬರೆಯಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಇದಕ್ಕಿಂತ ಆಳದ ಸಂಗತಿಯೊಂದಿದೆ. ಡಿಎನ್‌ಎಯ ಎಳೆ ಹಿಸ್ಟೋನ್ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುತ್ತದೆ. ಬಿಗಿಯಾಗಿ ಸುತ್ತಿದ ಭಾಗವನ್ನು ಓದುವುದು ಕಷ್ಟ, ಸಡಿಲವಾದದ್ದನ್ನು ಓದುವುದು ಸುಲಭ. ಮಾನವ ಐಲೆಟ್‌ಗಳನ್ನು ಇಂಟರ್‌ಲ್ಯೂಕಿನ್-1 ಬೀಟಾ ಮತ್ತು ಇಂಟರ್‌ಫೆರಾನ್ ಗಾಮಾಗಳಿಗೆ ಒಡ್ಡಿ ನಡೆಸಿದ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಂಶವಾಹಿಗಳ ಬಳಕೆಯನ್ನು ಹೆಚ್ಚಿಸುವ ಅಥವಾ ತಗ್ಗಿಸುವ ಸಾವಿರಾರು ನಿಯಂತ್ರಕ ತಾಣಗಳು ಹೊಸದಾಗಿ ಚುರುಕಾದದ್ದು ಕಂಡುಬಂತು. ಕೆಲವು ತಾಣಗಳು ಮೊದಲೇ ತೆರೆದಿದ್ದು ಸಂಕೇತಕ್ಕಾಗಿ ಕಾದಿದ್ದವು. ಇನ್ನು ಕೆಲವು ಉರಿಯೂತ ಬರುವವರೆಗೂ ಮುಚ್ಚಿಯೇ ಇದ್ದು, ಆಮೇಲೆ ತೆರೆದುಕೊಂಡವು. ಒಂದನೇ ಬಗೆಯ ಮಧುಮೇಹದ ಅಪಾಯದೊಂದಿಗೆ ನಂಟಿರುವ ಕೆಲವು ಡಿಎನ್‌ಎ ವ್ಯತ್ಯಾಸಗಳು ಇಂಥ ತಾಣಗಳಲ್ಲೇ ಇದ್ದವು.

ಇದರ ಅರ್ಥವನ್ನು ನಿಧಾನವಾಗಿ ಗಮನಿಸಬೇಕು. ಈ ರೋಗಕ್ಕೆ ಸಂಬಂಧಿಸಿದ ಆನುವಂಶಿಕ ವ್ಯತ್ಯಾಸಗಳಲ್ಲಿ ಹೆಚ್ಚಿನವು ಪ್ರೋಟೀನಿನ ರಚನೆಯನ್ನು ಬದಲಿಸುವಂಥವಲ್ಲ. ಅವು ವಂಶವಾಹಿಗಳ ನಡುವಿನ, ನಿಯಂತ್ರಣಕ್ಕೆ ಮೀಸಲಾದ ಭಾಗಗಳಲ್ಲಿವೆ. ಅವು ಪ್ರಭಾವ ಬೀರುವುದು ಮುಖ್ಯವಾಗಿ ರೋಗನಿರೋಧಕ ಕೋಶಗಳಲ್ಲಿ ಎಂದು ಬಹುಕಾಲ ಭಾವಿಸಲಾಗಿತ್ತು. ನೆಮ್ಮದಿಯಾಗಿರುವ ಬೀಟಾ ಕೋಶವನ್ನು ಪರೀಕ್ಷಿಸಿದರೆ ಆ ಭಾವನೆಯೇ ಗಟ್ಟಿಯಾಗುತ್ತದೆ, ಏಕೆಂದರೆ ಮುಚ್ಚಿದ ತಾಣದಲ್ಲಿರುವ ವ್ಯತ್ಯಾಸಕ್ಕೆ ಪರಿಣಾಮ ಬೀರುವ ಅವಕಾಶವೇ ಇರುವುದಿಲ್ಲ. ಅದೇ ಕೋಶವನ್ನು ಉರಿಯೂತದ ನಡುವೆ ಇಟ್ಟು ನೋಡಿದಾಗ ಮಾತ್ರ ಇಬ್ಬರು ವ್ಯಕ್ತಿಗಳ ಬೀಟಾ ಕೋಶಗಳು ಒಂದೇ ಆಘಾತಕ್ಕೆ ಬೇರೆಬೇರೆ ರೀತಿ ಸ್ಪಂದಿಸಲು ಕಾರಣವೇನು ಎಂಬುದು ಗೋಚರಿಸತೊಡಗುತ್ತದೆ.

ಎರಡನೇ ಬಗೆಯ ಮಧುಮೇಹದಲ್ಲಿ ಉರಿಯೂತ ಇಷ್ಟು ತೀವ್ರವಾಗಿರದೆ, ಅಧಿಕ ಸಕ್ಕರೆ ಮತ್ತು ಕೊಬ್ಬಿನಾಮ್ಲಗಳ ಒತ್ತಡದಲ್ಲಿ ವರ್ಷಗಟ್ಟಲೆ ಸಣ್ಣಗೆ ಮುಂದುವರಿಯುತ್ತದೆ. ಅಲ್ಲಿಯೂ ಇಂಟರ್‌ಲ್ಯೂಕಿನ್-1ರ ಪಾತ್ರವಿದೆ: ಅದನ್ನು ತಡೆಯುವ ಅನಾಕಿನ್ರಾ ಔಷಧವನ್ನು 70 ರೋಗಿಗಳಲ್ಲಿ 13 ವಾರ ಪರೀಕ್ಷಿಸಿದ, 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಔಷಧ ಪಡೆದವರ ಸಕ್ಕರೆಯ ನಿಯಂತ್ರಣ ಸುಧಾರಿಸಿತ್ತು. ಆದರೆ ಹೊಸದಾಗಿ ಒಂದನೇ ಬಗೆಯ ಮಧುಮೇಹ ಪತ್ತೆಯಾದವರಲ್ಲಿ ಇಂಟರ್‌ಲ್ಯೂಕಿನ್-1 ಒಂದನ್ನೇ ತಡೆದದ್ದು ಫಲ ನೀಡಲಿಲ್ಲ.

ಅದಕ್ಕಿಂತ ಹೆಚ್ಚಿನ ಭರವಸೆ ಮೂಡಿಸಿರುವುದು ಇಂಟರ್‌ಫೆರಾನ್‌ನ ದಾರಿ. ಸ್ಟ್ಯಾಟ್-1ನ್ನು ಎಚ್ಚರಿಸುವ ಜ್ಯಾಕ್ ಕಿಣ್ವಗಳನ್ನು ತಡೆಯುವ ಬ್ಯಾರಿಸಿಟಿನಿಬ್ ಮಾತ್ರೆಯನ್ನು, ರೋಗ ಪತ್ತೆಯಾಗಿ 100 ದಿನಗಳೊಳಗಿದ್ದವರಿಗೆ 48 ವಾರ ಕೊಟ್ಟ ಪ್ರಯೋಗದ ಫಲಿತಾಂಶ 2023ರಲ್ಲಿ ಹೊರಬಂತು. ಹುಸಿಮಾತ್ರೆ ಪಡೆದವರಿಗಿಂತ ಅವರಲ್ಲಿ ಸ್ವಂತ ಇನ್ಸುಲಿನ್ ಉತ್ಪಾದನೆ ಹೆಚ್ಚು ಉಳಿದುಕೊಂಡಿತ್ತು. ಈ ಮಾತ್ರೆ ಟಿ ಕೋಶಗಳನ್ನೂ ತಣಿಸುತ್ತದೆ, ಬೀಟಾ ಕೋಶ ಇಂಟರ್‌ಫೆರಾನ್‌ಗೆ ಕೊಡುವ ಪ್ರತಿಕ್ರಿಯೆಯನ್ನೂ ತಗ್ಗಿಸುತ್ತದೆ. ಆ ಎರಡರಲ್ಲಿ ಯಾವುದರ ಪಾಲು ಎಷ್ಟು ಎಂಬುದನ್ನು ರಕ್ತಪರೀಕ್ಷೆಯಿಂದ ಬೇರ್ಪಡಿಸಲಾಗದು. ಅದಕ್ಕೆ ಸೈಟೊಕೈನ್‌ಗಳ ಜೊತೆಗೆ ಔಷಧವನ್ನೂ ಹಾಕಿ ಐಲೆಟ್‌ಗಳಲ್ಲಿ ಯಾವ ನಿಯಂತ್ರಕ ತಾಣಗಳು ಮುಚ್ಚಿಯೇ ಉಳಿಯುತ್ತವೆ ಎಂದು ಒಂದೊಂದಾಗಿ ನೋಡಬೇಕು.